ಬೇಡ ಅಂದ ಗಾಡಿ

“ಎದ್ದು ಬಾರೇ ಆಚೆಗೆ. ಅಪ್ಪನ ಹೆಣ ಒಳಗಿದೆ, ಮಗಳು ನೋಡಿದ್ರೆ ಗಾಡಿ ಕೆಳಗೆ ಮಲಗಿದಾಳೆ ಅಂತ ಜನ ಆಡ್ಕೊಳಲ್ವಾ?”

ಅಕೆಯೊ ಅತ್ತೆ ಅವೂರ್‌ಳ ಪಾದ ಹಿಡಿದು ಎಳೆದಳು. ಅವೂರ್ ಕದಲಲಿಲ್ಲ. ಶವಾಗಾರದ ಅಂಗಳದಲ್ಲಿ ಗೋಣಿತಾಟು ಹಾಸಿ, ಕಪ್ಪು ಲಂಗ ಮುದುರಿಕೊಂಡು ಅಂಗಾತ ಮಲಗಿ, ಚಿಕ್ಕಪ್ಪ ಬಾಡಿಗೆಗೆ ತಂದ ಬಿಳಿ ಗಾಡಿಯ ಅಡಿಯನ್ನು ಮೊಬೈಲ್ ಬೆಳಕಿನಲ್ಲಿ ನೋಡುತ್ತಿದ್ದಳು. ಗಾಡಿ ಮದುವಣಗಿತ್ತಿಯ ಹಾಗಿತ್ತು. ಎರಡೂ ಪಕ್ಕ ಗಾಜು, ಗಾಜಿನೊಳಗೆ ರೇಷ್ಮೆಯ ಪರದೆ, ಮೂತಿಗೆ ಹೂವಿನ ಹಾರ.

ಅವಳು ತೆವಳಿಕೊಂಡು ಈಚೆಗೆ ಬಂದು ಮೈ ಕೊಡವಿದಳು. “ಚಿಕ್ಕಪ್ಪ, ಇದು ಡಾಂಬರು ಮುಗಿಯೋತನಕ ಮಾತ್ರ.”

ಚಿಕ್ಕಪ್ಪ ಬಾರ್ನಬಸ್ ನೈರೋಬಿಯಲ್ಲಿ ಕಚೇರಿ ಕೆಲಸದವನು. ಅಣ್ಣನನ್ನು ದೊಡ್ಡಸ್ತಿಕೆಯಲ್ಲಿ ಕಳಿಸಬೇಕೆಂದು ಬಂದಿದ್ದ. “ಬಾಗಿಲ ಮೇಲೆ ಬರ್ದಿರೋದು ಕಾಣಲ್ವಾ? ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಅಂತ.”

“ಬಾಗಿಲ ಮೇಲಿದೆ, ಕೆಳಗಿಲ್ಲ. ಹಿಂದಿನ ಚಕ್ರಕ್ಕೆ ಹೋಗೋ ಶಾಫ್ಟೇ ಇಲ್ಲ. ಮುಂದಿನ ಎರಡು ಎಳೀಬೇಕು, ಹಿಂದಿನ ಎರಡು ಸುಮ್ನೆ ಉರುಳ್ಕೊಂಡು ಬರಬೇಕು.”

“ನಮ್ಮ ಮನೆ ಸಂಸಾರದ ಹಾಗೆ,” ಅಂದಳು ಅತ್ತೆ. ಬಾಡಿಗೆ ಚಾಲಕ ಆಕಾಶ ನೋಡತೊಡಗಿದ.

ಆಕಾಶದ್ದೇ ತೊಂದರೆ. ಅಪ್ಪ ಓಯೂಗಿಯ ಹೆಣ ಹಿಂದಿನ ದಿನವೇ ಊರು ಸೇರಿ, ಅವನು ಕಟ್ಟಿದ ಮನೆಯಲ್ಲಿ ಒಂದು ರಾತ್ರಿ ಮಲಗಿ, ಆಮೇಲೆ ಮಣ್ಣಿಗೆ ಹೋಗಬೇಕಿತ್ತು. ಮಳೆ ಆ ರಾತ್ರಿಯನ್ನು ಕಸಿದುಕೊಂಡಿತು. ಊರಿನಲ್ಲಿ ಕುಣಿ ತೋಡಿ ಆಗಿತ್ತು. ತೋಡಿದ ಕುಣಿ ಇನ್ನೊಂದು ರಾತ್ರಿ ಬಾಯಿ ತೆರೆದುಕೊಂಡಿರಬಾರದೆಂದು ಹಿರಿಯರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದರು. ಕುಣಿಯ ಪಕ್ಕದಲ್ಲಿ ಅವ್ವ ಕೂತಿದ್ದಳು. ಡಾಂಬರು ಬಿಟ್ಟ ಮೇಲೆ ಹದಿನೆಂಟು ಕಿಲೋಮೀಟರ್ ಎರೆ ನೆಲ. ಒಣಗಿದ್ದಾಗ ಕಾಲು ನುಂಗುವಷ್ಟು ಬಿರುಕು, ನೆನೆದಾಗ ದೂರದ ನೆಂಟರ ಹಾಗೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಕತ್ತಲಾಗುವ ಮೊದಲು ಅಪ್ಪನನ್ನು ಮುಟ್ಟಿಸಬೇಕು, ಅವೂರ್‌ಗೆ ಬೇರೇನೂ ಬೇಕಿರಲಿಲ್ಲ. ಅಪ್ಪ ಊರವರಿಗೆ ಆರಿಸಿಕೊಟ್ಟ ಗಾಡಿಗಳಲ್ಲಿ ಒಂದು ಮೀನು ತುಂಬಿಕೊಂಡು ದೂರ ಹೋಗಿತ್ತು, ಒಂದರ ಗೇರ್ ಬಾಕ್ಸ್ ಬಿಚ್ಚಿ ಹಾಕಿತ್ತು. ಮಿಕ್ಕವರ ಫೋನ್ ಸಿಗಲಿಲ್ಲ.

“ಗೇಟ್ ಹತ್ರ ಒಂದು ನಿಂತಿದೆಯಲ್ಲ,” ಅಂದ ಚಾಲಕ.

ಮೂವರೂ ತಿರುಗಿ ನೋಡಿದರು. ಬಣ್ಣ ಮಾಸಿದ ಹಸಿರು ಪಿಕಪ್ಪು. ಅದಕ್ಕೆ ಒರಗಿ ಅಪ್ಪನ ಹಳೆಯ ಗೆಳೆಯ ಕ್ವಾಚ್ ನಿಂತಿದ್ದ. ಒಳಗೆ ಬರುವ ಧೈರ್ಯವಿಲ್ಲ, ಹೋಗಲು ಮನಸ್ಸಿಲ್ಲ.

“ಅವನಾ?” ಅತ್ತೆ ನೆಲಕ್ಕೆ ಉಗಿದಳು. “ನಮ್ಮಣ್ಣ ಬೇಡ ಅಂದ ಗಾಡಿ ಅದು.”

*

ಓಯೂಗಿ ಜೀವಮಾನದಲ್ಲಿ ಗಾಡಿ ಓಡಿಸಿದವನಲ್ಲ, ಕೊಂಡವನೂ ಅಲ್ಲ. ರಸ್ತೆ ಇಲಾಖೆಯ ಅಂಗಳದಲ್ಲಿ ಇಪ್ಪತ್ತಾರು ವರ್ಷ ಗಾಡಿ ತೊಳೆದವನು. ಕೆಸರು ಎಲ್ಲಿ ಅಡಗಿ ಕೂರುತ್ತದೆ, ಕೂತು ಯಾವ ಕಬ್ಬಿಣವನ್ನು ತಿನ್ನುತ್ತದೆ ಎಂಬುದು ಓಡಿಸುವವರಿಗಿಂತ ತೊಳೆಯುವವನಿಗೆ ಚೆನ್ನಾಗಿ ಗೊತ್ತು. ಸುತ್ತಲ ಹಳ್ಳಿಯವರು ಹಳೆಯ ಗಾಡಿ ಕೊಳ್ಳುವಾಗ ಅವನನ್ನು ಕರೆದೊಯ್ಯುತ್ತಿದ್ದರು. ಬಣ್ಣ, ಸೀಟು, ಹಾಡಿನ ಪೆಟ್ಟಿಗೆ ಒಂದನ್ನೂ ಅವನು ನೋಡುತ್ತಿರಲಿಲ್ಲ. “ಹಸು ಕೊಳ್ಳೋನು ಕೋಡಿಗೆ ಹಚ್ಚಿದ ಎಣ್ಣೆ ನೋಡ್ತಾನಾ? ಹಲ್ಲು ನೋಡ್ತಾನೆ,” ಅನ್ನುತ್ತ ಗಾಡಿಯ ಅಡಿಗೆ ನುಗ್ಗುತ್ತಿದ್ದ. ಪುಟ್ಟ ಸುತ್ತಿಗೆಯಿಂದ ಚಾಸಿಯ ಕಬ್ಬಿಣ ಬಡಿಯುತ್ತ ಹೋಗುತ್ತಿದ್ದ. ಗಟ್ಟಿ ಕಬ್ಬಿಣ ಖಣ್ಣೆನ್ನುತ್ತದೆ, ತುಕ್ಕು ತಿಂದದ್ದು ದೊಪ್ಪೆನ್ನುತ್ತದೆ. ದೊಪ್ಪೆಂದಲ್ಲಿ ಸೀಮೆಸುಣ್ಣದ ಗೀಟು. ಟಾರ್ಚ್ ಹಿಡಿಯುವುದು ಅವೂರ್ ಕೆಲಸ.

ಅವನನ್ನು ಕರೆಸಿ, ಅವನು ಹೂಂ ಅಂದ ಮೇಲೆ ಆಡು ಕಡಿದು ಊಟ ಹಾಕುವುದು ಆ ಕಡೆಯ ಪದ್ಧತಿ. ಏಳು ವರ್ಷದ ಹಿಂದೆ ಕ್ವಾಚ್ ಅದನ್ನು ತಲೆಕೆಳಗು ಮಾಡಿದ. ಗೆಳೆಯ ತಾನೇ, ಬೇಡ ಅಂದಾನೆಯೇ ಎಂಬ ಧೈರ್ಯ. ಗಾಡಿ ಮನೆಗೆ ಬಂದಿತ್ತು, ಆಡು ಬೆಂಕಿಯ ಮೇಲಿತ್ತು, ನೆಂಟರು ಕುರ್ಚಿಯಲ್ಲಿದ್ದರು. ಆಗ ಓಯೂಗಿಯನ್ನು ಕರೆದರು.

ಅವನು ಒಂಬತ್ತು ಗೀಟು ಹಾಕಿ ಈಚೆಗೆ ಬಂದ. “ಬೇಡ ಕ್ವಾಚ್. ವಾಪಸು ಕೊಡು.”

ನೆಂಟರೆಲ್ಲ ಕ್ವಾಚ್ ಕಡೆ ತಿರುಗಿದರು. ಕ್ವಾಚ್ ನಗಲು ನೋಡಿದ, ಆಗಲಿಲ್ಲ. “ಸ್ಟೇರಿಂಗ್ ಹಿಡಿಯೋಕೆ ಬರ್ದವನು ನನಗೆ ಗಾಡಿ ಹೇಳ್ಕೊಡ್ತಾನೆ ಕಣ್ರೋ,” ಅಂದ. ಆಗ ಎಲ್ಲರೂ ನಕ್ಕರು. ಓಯೂಗಿ ಕೈ ತೊಳೆದುಕೊಂಡು, ಊಟ ಮುಟ್ಟದೆ ಹೊರಟ.

ದಾರಿಯಲ್ಲಿ ಅವೂರ್ ಕೇಳಿದಳು, “ಹೂಂ ಅಂದಿದ್ರೆ ಏನ್ ಹೋಗ್ತಿತ್ತಪ್ಪ?”

“ಹೂಂ ಅನ್ನಬಹುದಿತ್ತು. ನಾಳೆ ಆಕ್ಸಲ್ ಮುರೀತದೆ. ಒಳಗೆ ಕ್ವಾಚ್ ಕೂತಿರ್ತಾನೆ.”

ಆ ದಿನದಿಂದ ಓಯೂಗಿ, ಕ್ವಾಚ್ ಇಬ್ಬರೂ ಮಾತು ಬಿಟ್ಟರು. ಆದರೆ ಸಂಜೆ ಊಟಕ್ಕೆ ಕೂತಾಗ ಆ ಪಿಕಪ್ಪಿನ ಸದ್ದು ಕೇಳಿದರೆ ಓಯೂಗಿ ಬಾಯಿಗಿಟ್ಟ ಉಗಾಲಿ ಮುದ್ದೆಯನ್ನು ಅಗಿಯದೆ ಸುಮ್ಮನಾಗುತ್ತಿದ್ದ. ಗಾಡಿ ತೊರೆಯ ಇಳಿಜಾರು ದಾಟಿ ಆಚೆ ದಿಣ್ಣೆ ಹತ್ತಿದ ಮೇಲೆಯೇ ತುತ್ತು ಇಳಿಯುತ್ತಿತ್ತು. ಇದನ್ನು ಮನೆಯವರೆಲ್ಲ ನೋಡಿದ್ದರು. ಹೇಳಬೇಕಾದವನಿಗೆ ಯಾರೂ ಹೇಳಲಿಲ್ಲ.

*

ಅವೂರ್ ಗೋಣಿತಾಟು ಹಿಡಿದು ಗೇಟಿನ ಬಳಿ ಹೋದಳು. “ಕ್ವಾಚ್ ಮಾಮ, ಅಡಿ ನೋಡ್ಬೇಕು.”

“ನೋಡು ಮಗಳೇ. ಅದಕ್ಕೇ ತಂದಿದೀನಿ.”

ಅವಳು ಒಳಗೆ ತೂರಿದಳು. ಒಂಬತ್ತು ಜಾಗವೂ ಅವಳಿಗೆ ಬಾಯಿಪಾಠ. ಎಡಗಡೆ ಸ್ಪ್ರಿಂಗ್ ಪಟ್ಟಿ ಕೂರುವ ಕೊಕ್ಕೆ. ಅಲ್ಲಿ ದಪ್ಪ ತಗಡಿಟ್ಟು ಬೆಸುಗೆ ಹಾಕಿತ್ತು. ಚಾಸಿಯ ಅಡ್ಡಪಟ್ಟಿ, ಬೆಸುಗೆ. ಹಿಂದಿನ ಆಕ್ಸಲ್ ಬದಲಾಗಿತ್ತು. ಒಂಬತ್ತಕ್ಕೆ ಒಂಬತ್ತೂ. ಬೆಸುಗೆಯ ಪಕ್ಕದಲ್ಲಿ ಅಪ್ಪನ ಗೀಟುಗಳ ಮೇಲೆ ಯಾರೋ ಬಿಳಿ ಬಣ್ಣ ತೀಡಿ, ಅಳಿಯದ ಹಾಗೆ ಉಳಿಸಿದ್ದರು. ಅವಳಿಗೆ ಬೆಳಿಗ್ಗೆಯಿಂದ ಬಾರದ ಅಳು ಅಲ್ಲಿ, ಗಾಡಿಯ ಅಡಿಯಲ್ಲಿ ಬಂತು. ಸುತ್ತಿಗೆ ಇರಲಿಲ್ಲ. ಕಲ್ಲು ತೆಗೆದುಕೊಂಡು ಬಡಿದಳು. ಎಲ್ಲ ಕಡೆಯೂ ಖಣ್ಣೆಂದಿತು.

“ಮಾರನೇ ತಿಂಗಳೇ ಗೊತ್ತಾಯ್ತು, ಅವನು ಹೇಳಿದ್ದೇ ಸರಿ ಅಂತ,” ಕ್ವಾಚ್ ಹೊರಗಿನಿಂದ ಹೇಳುತ್ತಿದ್ದ. “ಬೆಳೆ ಬಂದಾಗಲೆಲ್ಲ ಒಂದೊಂದು ರಿಪೇರಿ ಮಾಡಿಸ್ದೆ. ಒಂಬತ್ತೂ ಮುಗಿದ ಮೇಲೆ ಕರ್ದು ತೋರಿಸೋಣ, ಆಡು ಕಡಿಯೋಣ ಅಂತಿದ್ದೆ. ಒಂಬತ್ತನೇದು ಮುಗಿದು ಮೂರು ವಾರ ಆಯ್ತು.”

ಓಯೂಗಿ ಸತ್ತು ಎರಡು ವಾರವಾಗಿತ್ತು.

ಅತ್ತೆ ಒಪ್ಪಲಿಲ್ಲ. “ಬೇಡ ಅಂದವನನ್ನೇ ಅದರ ಮೇಲೆ ಹಾಕ್ತೀಯಾ? ಸತ್ತವನ ಮಾತು ಮೀರಿ ಯಾರು ಉದ್ಧಾರ ಆಗಿದಾರೆ?”

ಚಿಕ್ಕಪ್ಪನೂ ತಲೆಯಾಡಿಸಿದ. “ಜನ ಏನಂತಾರೆ? ಈರುಳ್ಳಿ ಹೊರೋ ಗಾಡೀಲಿ ತಂದ್ರು ಅನ್ನಲ್ವಾ?”

ಅವೂರ್ ಹೊತ್ತು ನೋಡಿದಳು. ಅಪ್ಪನ ಮಾತು ಮೀರಬೇಕು, ಇಲ್ಲ ಅಪ್ಪನನ್ನು ಕೆಸರಿನಲ್ಲಿ ಬಿಡಬೇಕು. “ಅಪ್ಪ ಬೇಡ ಅಂದದ್ದು ಆ ಗಾಡೀನ ಅತ್ತೆ,” ಅಂದಳು. “ಇದು ಆ ಗಾಡಿ ಅಲ್ಲ. ಅಪ್ಪ ಇದ್ದಿದ್ರೆ ಇನ್ನೊಂದ್ ಸಲ ನೋಡ್ತಿದ್ದ. ಅವನ ಬದಲು ನಾನು ನೋಡಿದೀನಿ. ಎತ್ತಿ.”

*

ಡಾಂಬರು ಮುಗಿದಲ್ಲಿ ಬಿಳಿ ಗಾಡಿ ತಾನಾಗಿಯೇ ನಿಂತಿತು. ಚಿಕ್ಕಪ್ಪ ಅದರಿಂದಿಳಿದು, ಸೂಟು ಎತ್ತಿಕೊಂಡು, ಪಿಕಪ್ಪಿನ ಹಿಂಭಾಗಕ್ಕೆ ಹತ್ತಿ ಶವಪೆಟ್ಟಿಗೆಯ ಪಕ್ಕ ಕೂತ. ಕ್ವಾಚ್ ಇಳಿದು ಮುಂದಿನ ಬಲ ಚಕ್ರದ ನಡುವಿನ ಗುಂಡಿ ತಿರುಗಿಸಿದ, ಎಡ ಚಕ್ರದ್ದನ್ನು ಅವೂರ್ ತಿರುಗಿಸಿದಳು. ಒಳಗೆ ಕೂತು ಅವನು ಸಣ್ಣ ಲಿವರ್ ಎಳೆದ. ಎಂಜಿನ್ ಬಲ ನಾಲ್ಕು ಚಕ್ರಕ್ಕೂ ಹರಿಯಿತು, ನಾಲ್ಕೂ ಎರೆ ನೆಲವನ್ನು ಕಚ್ಚಿದವು.

ಅವನು ಅವಸರ ಮಾಡಲಿಲ್ಲ. ಅವಸರದವರು ಅಕ್ಕಪಕ್ಕದಲ್ಲಿ ಹೂತು ನಿಂತಿದ್ದರು. ತೊರೆಯ ಇಳಿಜಾರಿನಲ್ಲಿ ಗಾಡಿ ಅಡ್ಡಡ್ಡ ಜಾರಿತು. ಅತ್ತೆ ಕಣ್ಣು ಮುಚ್ಚಿಕೊಂಡು ಇದ್ದಬದ್ದ ಸಂತರನ್ನೆಲ್ಲ ಕರೆದಳು. ಚಿಕ್ಕಪ್ಪ ಪೆಟ್ಟಿಗೆಯನ್ನು ಎರಡೂ ತೋಳಿನಲ್ಲಿ ತಬ್ಬಿಕೊಂಡಿದ್ದ. “ಹೆದರ್ಬೇಡ ಅಣ್ಣ, ಹಿಡ್ಕೊಂಡಿದೀನಿ,” ಅನ್ನುತ್ತಿದ್ದ, ಮುಖದ ತುಂಬ ಕೆಸರು. ಗಾಡಿ ನಡುಗಿತು, ನಿಧಾನಕ್ಕೆ ಮೂತಿ ಎತ್ತಿ ಆಚೆ ದಿಣ್ಣೆ ಹತ್ತಿತು.

ಬೇಲಿ ಕಾಣಿಸಿದಾಗ ಬಿಸಿಲು ಇನ್ನೂ ಛಾವಣಿಯ ಮೇಲಿತ್ತು. ಹೆಂಗಸರ ಅಳು ಎದ್ದಿತು. ಅವ್ವ ಕುಣಿಯ ಪಕ್ಕದಿಂದ ಎದ್ದು ಬಂದಳು. ಆರು ಜನ ಗಂಡಸರು ಪೆಟ್ಟಿಗೆಗೆ ಕೈ ಹಾಕಲು ಬಂದರು.

ಕ್ವಾಚ್ ಎಂಜಿನ್ ಆರಿಸಿ, ಹಿಂದಕ್ಕೆ ಬಂದು, ಕೈಯೆತ್ತಿ ಅವರನ್ನು ತಡೆದ.

“ಓಯೂಗಿ,” ಅಂದ, “ಮನೆ ಬಂತು. ಈಗ ಹೇಳು. ಗಾಡಿ ಹೆಂಗಿದೆ?”

ಟೊಪ್ಪಿ ತೆಗೆದು, ತಲೆ ಬಗ್ಗಿಸಿ, ಒಂದು ಕಿವಿಯನ್ನು ಪೆಟ್ಟಿಗೆಯ ಕಡೆ ಮಾಡಿ ನಿಂತ. ಅಳು ಒಂದೊಂದಾಗಿ ನಿಂತಿತು. ಹೊರಲು ಬಂದವರು ಕೈ ಇಳಿಬಿಟ್ಟರು, ಅವ್ವ ಇದ್ದಲ್ಲೇ ನಿಂತಳು, ಅವನ ಜೊತೆ ಎಲ್ಲರೂ ಕಾದರು.