ಡ್ಯಾಶ್‌ಬೋರ್ಡಿನ ಮೇಲಿನ ಭತ್ತ

ದುಬೈಯ ಚಳಿಯೂ ಒಂದು ಚಳಿಯಾ ಎಂದು ಊರಿನವರು ನಗಾಡುತ್ತಾರೆ. ನಗಲಿ, ನಗುವವರಿಗೇನೂ ಖರ್ಚಿಲ್ಲ. ಡಿಸೆಂಬರಿನಲ್ಲಿ ಬೆಳಕು ಹರಿಯುವ ಮೊದಲೇ ಅಲ್ ನಹ್ದಾದ ಬಿಲ್ಡಿಂಗಿನ ಕೆಳಗೆ ಕಾರ್‌ಲಿಫ್ಟಿಗೆ ಕಾಯುತ್ತಾ ನಿಂತವರನ್ನು ಕೇಳಬೇಕು, ಆ ಗಾಳಿ ಸ್ವೆಟರಿನ ಯಾವ ಯಾವ ತೂತಿನಿಂದ ಒಳಗೆ ನುಗ್ಗುತ್ತದೆ ಎಂದು. ಆ ವರ್ಷ ಸಿಸಿಲಿಯಾ ಅಲ್ಲಿ ನಿಂತಾಗ ಹೆಗಲಲ್ಲಿ ಬುತ್ತಿಯ ಚೀಲ, ಎರಡೂ ಕೈಯಲ್ಲಿ ಒಂದು ಸ್ಟೀಲಿನ ತಟ್ಟೆ. ತಟ್ಟೆಯಲ್ಲಿ ಮಣ್ಣು, ಮಣ್ಣಿನಲ್ಲಿ ಬಿತ್ತಿದ ಭತ್ತ.

ರಾಝಿಕ್ ಕಾರು ತಂದು ನಿಲ್ಲಿಸಿದ. ಫರಂಗಿಪೇಟೆಯ ಬ್ಯಾರಿ ಅವನು, ಅಬುಧಾಬಿಯ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಕೆಲಸ. ಅಷ್ಟು ದೂರ ಒಬ್ಬನೇ ಹೋಗುವ ಬದಲು ಅದೇ ದಾರಿಯ ಮೂವರನ್ನು ತಿಂಗಳ ಬಾಡಿಗೆಗೆ ಹತ್ತಿಸಿಕೊಳ್ಳುತ್ತಿದ್ದ. ಗಲ್ಫಿನಲ್ಲಿ ಇದಕ್ಕೇ ಕಾರ್‌ಲಿಫ್ಟ್ ಎನ್ನುವುದು. ಹಿಂದಿನ ಸೀಟಿನ ಇಬ್ಬರು ಮಲಯಾಳಿಗಳು ಹತ್ತಿದ ಕೂಡಲೇ ನಿದ್ದೆಗೆ ಬೀಳುವವರು. ಮುಂದಿನ ಸೀಟು ಸಿಸಿಲಿಯಾಳದ್ದು. ಅವಳು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ರಾಝಿಕ್ ಅವಳನ್ನು ಬಾಯಮ್ಮ ಎಂದೇ ಕರೆಯುವುದು. ದಿನವಿಡೀ ಸಿಸ್ಟರ್, ಸಿಸ್ಟರ್ ಎಂದು ಕೇಳಿ ಸೋತ ಕಿವಿಗೆ ಆ ಬಾಯಮ್ಮ ಹಿತವಾಗಿತ್ತು.

"ಎಂತ ಬಾಯಮ್ಮ, ಗದ್ದೆಯನ್ನೇ ತಂದ್ರಾ?"

"ತಂದೆ. ಸ್ವಲ್ಪ ಜಾಗ ಮಾಡು, ಬಿಸಿಲು ಬೀಳುವಲ್ಲಿ ಇಡಬೇಕು."

ವಿಷಯ ಇಷ್ಟೇ. ಕ್ರಿಸ್ಮಸ್ಸಿಗೆ ಮನೆಯಲ್ಲಿ ಗೋದಲಿ, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಕಟ್ಟುವಾಗ ಬಾಲ ಯೇಸುವಿನ ಸುತ್ತ ಹಸಿರು ಇರಬೇಕು. ಅದಕ್ಕೆ ಹಬ್ಬಕ್ಕೆ ಎರಡು ವಾರ ಇರುವಾಗಲೇ ತೆಂಗಿನ ಚಿಪ್ಪಿನಲ್ಲೋ ತಟ್ಟೆಯಲ್ಲೋ ಭತ್ತ ಬಿತ್ತಿ ಎಳೆ ಪೈರು ಬರಿಸುವುದು ಕರಾವಳಿಯ ಕ್ರಿಶ್ಚಿಯನ್ನರ ಕ್ರಮ. ಸಿಸಿಲಿಯಾ ಗಲ್ಫಿಗೆ ಬಂದ ಮೇಲೆ ಇದನ್ನು ಮಾಡಿದವಳಲ್ಲ. ಇಷ್ಟು ವರ್ಷ ಅವಳು ಲೇಡೀಸ್ ಬೆಡ್‌ಸ್ಪೇಸಿನಲ್ಲಿ, ಹಲವರ ಕೋಣೆಯಲ್ಲಿ ಬಾಡಿಗೆಯ ಒಂದೇ ಮಂಚ; ಗಂಡ ಲಿಯೊನೆಲ್ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಕಂಪೆನಿ ಕ್ಯಾಂಪಿನಲ್ಲಿ. ಇಬ್ಬರ ಭೇಟಿ ಶುಕ್ರವಾರ ಇಗರ್ಜಿಯ ಅಂಗಳದಲ್ಲಿ; ಇಲ್ಲಿ ಶುಕ್ರವಾರವೇ ಆದಿತ್ಯವಾರ. ಈ ವರ್ಷ ಅಂತೂ ಇಂತೂ ಅಲ್ ನಹ್ದಾದಲ್ಲಿ ಒಂದು ಸ್ಟುಡಿಯೋ ಫ್ಲ್ಯಾಟ್ ಹಿಡಿದಿದ್ದರು. ಒಂದೇ ಕೋಣೆ, ಒಂದೇ ಕಿಟಕಿ, ಕಿಟಕಿ ತೆರೆದರೆ ಪಕ್ಕದ ಬಿಲ್ಡಿಂಗಿನ ಏಸಿಗಳ ಬೆನ್ನು. ಸೂರ್ಯನ ಮುಖ ಅಲ್ಲಿಗೆ ಕಾಣುವುದಿಲ್ಲ. ಆದ್ದರಿಂದ ತಟ್ಟೆ ಕಾರು ಹತ್ತಿತು. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನ ಮೇಲೆ, ಆಮೇಲೆ ಸಂಜೆಯ ತನಕ ರಾಝಿಕ್‌ನ ಆಫೀಸಿನ ಹೊರಗೆ ನಿಂತ ಕಾರಿನೊಳಗೆ. ಚಳಿಗಾಲದ ಬಿಸಿಲು ಪೈರಿಗೆ ಒಳ್ಳೆಯದೇ.

ಫ್ಲ್ಯಾಟ್ ಹಿಡಿದದ್ದು ಗೋದಲಿಗಲ್ಲ, ಮಗಳಿಗೆ. ಲವಿಟಾಳಿಗೆ ಎಂಟು ವರ್ಷ. ಎರಡು ವರ್ಷದ ಕೂಸನ್ನು ಬಂಟ್ವಾಳದ ಹತ್ತಿರದ ಮನೆಯಲ್ಲಿ ಅತ್ತೆಯ ಕೈಗೆ ಕೊಟ್ಟು ಸಿಸಿಲಿಯಾ ವಿಮಾನ ಹತ್ತಿದ್ದಳು. ವರ್ಷಕ್ಕೊಮ್ಮೆ ರಜೆಗೆ ಹೋದಾಗ ಮಗು ಮೊದಲ ವಾರವೆಲ್ಲ ಬಾಗಿಲ ಸಂದಿನಿಂದ ನೋಡುವುದು, ಎರಡನೇ ವಾರ ಹತ್ತಿರ ಬರುವುದು, ಮೂರನೇ ವಾರ ಮಡಿಲಲ್ಲಿ ಕೂರುವುದು. ಅಷ್ಟರಲ್ಲಿ ರಜೆ ಖಲಾಸ್. ಫೋನಿನಲ್ಲೂ ಅಷ್ಟೇ. ಊಟ ಆಯ್ತಾ? ಹೂಂ. ಶಾಲೆಗೆ ಹೋಗಿದ್ದೆಯಾ? ಹೂಂ. ಮಮ್ಮಿ ನೆನಪಾಗ್ತದಾ? ಅದಕ್ಕೆ ಹೂಂ ಕೂಡ ಇಲ್ಲ. ಹೆತ್ತವಳ ಹೊಟ್ಟೆ ಉರಿಯದೆ ಇರುತ್ತದೆಯೇ? ಮಗುವಿನ ದನಿ ಬೇಕು ಎಂದು ಅವಳು ಎಷ್ಟೋ ಸಲ ಬೆಡ್‌ಸ್ಪೇಸಿನ ಮಂಚದಲ್ಲಿ ಮುಸುಕೆಳೆದು ಅತ್ತಿದ್ದಳು. ಈಗ ವೀಸಾ ಆಗಿತ್ತು. ಹಬ್ಬದ ಹೊತ್ತಿಗೆ ಲಿಯೊನೆಲ್ ಊರಿಗೆ ಹೋಗಿ ಕರೆದುಕೊಂಡು ಬರುವುದು, ಆಮೇಲೆ ಶಾಲೆಯೂ ಇಲ್ಲೇ. ಸಿಸಿಲಿಯಾ ಆಗಲೇ ಗುಲಾಬಿ ಬಣ್ಣದ ಪುಟ್ಟ ಮಂಚ ತಂದು ಹಾಕಿದ್ದಳು, ನೀರಿನ ಬಾಟ್ಲಿಗೆ ಹೆಸರಿನ ಚೀಟಿ ಅಂಟಿಸಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ಲಿಯೊನೆಲ್ ಹಾಸ್ಯ ಮಾಡಿದರೆ ಅವನಿಗೆ ಬೈಗುಳ ಸಿಕ್ಕಿತು.

ರಾಝಿಕ್‌ನ ಹೆಂಡತಿ ನಸೀಮ ರಜೆ ಮುಗಿಸಿ ಬರುವವಳಿದ್ದಾಗ ಸಿಸಿಲಿಯಾ ಮಗಳಿಗೆ ಫೋನಿನಲ್ಲಿ ಹೇಳಿದ್ದಳು: "ಪುತಾ, ನಸೀಮ ಆಂಟಿಯ ಕೈಯಲ್ಲಿ ಒಂದು ಹಿಡಿ ಭತ್ತ ಕಳಿಸು. ಇಲ್ಲಿ ಗೋದಲಿಗೆ ಪೈರು ಬರಿಸುವ. ಅದು ಹಸಿರಾದ ಕೂಡಲೇ ಪಪ್ಪ ಬಂದು ನಿನ್ನನ್ನು ಕರಕೊಂಡು ಬರ್ತಾರೆ."

ಎಂದೂ ಪ್ರಶ್ನೆ ಕೇಳದ ಮಗು ಅವತ್ತು ಕೇಳಿತು: "ಮೊಳೆಯದಿದ್ರೆ?"

"ಮೊಳೆಯದಿದ್ರೆ ನೀನು ಬರುವುದೇ ಬೇಡ," ಎಂದು ಸಿಸಿಲಿಯಾ ನಗಾಡಿದಳು. ಆಟಕ್ಕೆ ಆಡಿದ ಮಾತು.

ಆಮೇಲೆ ಅತ್ತೆ ಫೋನು ತೆಗೆದುಕೊಂಡು ಮೊಮ್ಮಗಳನ್ನು ಹೊಗಳಿದ್ದೇ ಹೊಗಳಿದ್ದು. "ನನ್ನ ಬಲಗೈ ಅವಳು. ಭತ್ತ ಬೇಯಿಸುವಾಗ ಒಲೆಗೆ ತೆಂಗಿನ ಮಡಲು ತುಂಬುವುದು ಅವಳೇ, ಅಂಗಳದಲ್ಲಿ ಕಾಲಾಡಿಸಿ ಒಣಗಿಸುವುದೂ ಅವಳೇ." ನಸೀಮ ಹೊರಡುವ ಮೊದಲು ಮನೆಗೆ ಬಂದಾಗ ಲವಿಟಾಳೇ ಒಳಗೆ ಓಡಿಹೋಗಿ ಭತ್ತದ ಪೊಟ್ಟಣ ಕಟ್ಟಿದಳಂತೆ, ಅಜ್ಜಿಗೆ ಮುಟ್ಟಲೂ ಬಿಡಲಿಲ್ಲವಂತೆ. ಇದನ್ನು ಕೇಳಿ ಸಿಸಿಲಿಯಾಳಿಗೆ ಕಣ್ಣು ತುಂಬಿತು. ಮಗುವಿಗೂ ಬರುವ ಆಸೆ ಉಂಟು, ಹೇಳಲು ನಾಚಿಕೆ ಅಷ್ಟೇ, ಎಂದುಕೊಂಡಳು.

ಬಿತ್ತಿದ ಮರುದಿನದಿಂದ ಒಂದು ಹೊಸ ಸಂಗತಿ ಶುರುವಾಯಿತು. ಬೆಳಗ್ಗೆ ಕಾರಿನಿಂದ ಫೋನ್ ಮಾಡಿದರೆ ಲವಿಟಾಳೇ ಓಡಿ ಬಂದು ಎತ್ತಿ ಮೊದಲು ಅದನ್ನೇ ಕೇಳುವುದು: "ಮಮ್ಮಾ, ಬಂತಾ?"

"ಇಲ್ಲ ಪುತಾ, ನಾಳೆ ಬರಬಹುದು."

ಮಗಳು ತಾನಾಗಿ ಕೇಳುವ ಆ ಒಂದು ಮಾತಿಗಾಗಿ ಸಿಸಿಲಿಯಾ ಬೆಳಗಾಗುವುದನ್ನೇ ಕಾಯತೊಡಗಿದಳು. ಆದರೆ ತಟ್ಟೆಯಲ್ಲಿ ಏನೂ ಏಳಲಿಲ್ಲ. ನೀರು ಚಿಮುಕಿಸಿದಳು, ಒದ್ದೆ ಬಟ್ಟೆ ಹೊದಿಸಿದಳು, ಸಂತ ಅಂತೋನಿಯವರಿಗೆ ಹರಕೆ ಹೇಳಿದಳು. ಊಹೂಂ. ರಾಝಿಕ್ ಮೂಗು ಮುಚ್ಚಿಕೊಂಡು, "ಬಾಯಮ್ಮ, ಗದ್ದೆಯೋ ಗಂಜಿಯೋ ಇದು? ಹುಳಿ ವಾಸನೆ ಬರ್ತಾ ಉಂಟು ಮಾರಾಯ್ತಿ," ಎಂದ. ಹೇಳಿದ, ಆದರೆ ತಟ್ಟೆ ತೆಗೆ ಎನ್ನಲಿಲ್ಲ. ತಿರುವುಗಳಲ್ಲಿ ಅದು ಜಾರದ ಹಾಗೆ ಒಂದು ಕೈ ಅಡ್ಡ ಹಿಡಿದೇ ಓಡಿಸುತ್ತಿದ್ದ.

ವಾರ ಕಳೆಯಿತು. ಬಂತಾ ಎಂದರೆ ಇಲ್ಲ, ಬಂತಾ ಎಂದರೆ ಇಲ್ಲ. ಈ ಇಲ್ಲ ಕೇಳಿ ಕೇಳಿ ಮಗುವಿನ ಉತ್ಸಾಹ ಬತ್ತಿದರೆ, ಮತ್ತೆ ಅದೇ ಹೂಂಗೆ ಇಳಿದರೆ ಎಂದು ಹೆದರಿ ಒಂದು ಬೆಳಗ್ಗೆ ಸಿಸಿಲಿಯಾ ಸುಳ್ಳು ಹೇಳಿದಳು. "ಬಂತು ಪುತಾ. ಎರಡು ಮೂರು ಚಿಗುರು ಕಾಣ್ತಾ ಉಂಟು."

ಆ ಕಡೆ ಫೋನು ಕೆಳಗಿಟ್ಟ ಸದ್ದು. ಆಮೇಲೆ ಅತ್ತೆಯ ದನಿ: "ಫೋನ್ ಇಟ್ಟು ಓಡಿದಳು ನೋಡು. ನಾಚಿಕೆ."

ಮರುದಿನ ಮಗು ಫೋನಿಗೇ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅತ್ತೆ ಹೇಳಿದರು, ಜ್ವರ ಏನಿಲ್ಲ, ಆದರೆ ಊಟ ಸೇರುವುದಿಲ್ಲ, ಇಡೀ ಹೊತ್ತು ನನ್ನ ಸೀರೆಯ ಸೆರಗು ಹಿಡಿದುಕೊಂಡೇ ಇರುತ್ತಾಳೆ, ದೃಷ್ಟಿ ಬಿದ್ದಿರಬೇಕು ಎಂದು.

ಅದರ ಮರುದಿನ ರಸ್ತೆಗೆಲ್ಲ ಮಂಜು ಕವಿದಿತ್ತು. ದುಬೈ ಬಿಟ್ಟು ಮರಳಿನ ಬಯಲಿಗೆ ಬಂದಾಗ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣಿಸಲಿಲ್ಲ. ಹಾರುವ ಹಾಗೆ ಹೋಗುವ ಕಾರುಗಳೆಲ್ಲ ಆಮೆಯ ಹಾಗೆ ತೆವಳುತ್ತಿದ್ದವು. ಸಿಸಿಲಿಯಾ ಚೀಲದಿಂದ ಪೊಟ್ಟಣ ತೆಗೆದಳು. ಅದರಲ್ಲಿ ಇನ್ನೂ ನಾಲ್ಕು ಕಾಳು ಉಳಿದಿತ್ತು; ಅದನ್ನೂ ಬಿತ್ತಿ ನೋಡುವ ಎಂದು. ಬಿತ್ತುವ ಮೊದಲು, ಚಿಕ್ಕಂದಿನಲ್ಲಿ ಅಂಗಳದಲ್ಲಿ ಮಾಡುತ್ತಿದ್ದ ಹಾಗೆ, ಸುಮ್ಮನೆ ಒಂದು ಕಾಳನ್ನು ಹಲ್ಲಿಗಿಟ್ಟು ಕಚ್ಚಿದಳು.

ಕಟ್ ಎಂದಿತು. ಹಸಿ ಭತ್ತ ಹಾಗೆ ಕಟ್ ಎನ್ನುವುದಿಲ್ಲ, ಬಿಳಿ ಹಿಟ್ಟಾಗುತ್ತದೆ. ಅಂಗೈಗೆ ಉಗುಳಿ ನೋಡಿದಳು. ಒಳಗಿನ ಅಕ್ಕಿ ಗಾಜಿನ ಚೂರಿನ ಹಾಗೆ ಗಟ್ಟಿ, ತುಸು ಹಳದಿ.

"ರಾಝಿಕ್, ಇದು ಬೇಯಿಸಿದ ಭತ್ತ."

"ಎಂತ?"

"ಕುಚ್ಚಲಕ್ಕಿ ಮಾಡ್ಲಿಕ್ಕೆ ಬೇಯಿಸಿ ಒಣಗಿಸಿದ್ದು, ಇದೆಲ್ಲಿ ಮೊಳೆಯುವುದು? ಹೊರಗಿನಿಂದ ಎರಡೂ ಒಂದೇ ಹಾಗೆ ಅಲ್ವಾ. ನನ್ನ ಮಗಳು ಅಂಗಳದ ಚಾಪೆಯಿಂದ ಒಂದು ಹಿಡಿ ತುಂಬಿಸಿ ಕಳಿಸಿದ್ದಾಳೆ."

ರಾಝಿಕ್ ಸ್ಟಿಯರಿಂಗ್ ತಟ್ಟಿ ತಟ್ಟಿ ನಕ್ಕ. "ಗಂಜಿ ವಾಸನೆ ಅಂತ ನಾನು ಹೇಳ್ಲಿಲ್ವಾ. ಬೇಯಿಸಿದ ಭತ್ತಕ್ಕೆ ಹತ್ತು ದಿನ ನೀರು ಹಾಕಿದ ಬಾಯಮ್ಮ, ಇದನ್ನು ಊರಲ್ಲಿ ಹೇಳಿದ್ರೆ ನಿಮಗೆ ಮರ್ಯಾದೆ ಉಂಟಾ?"

ಸಿಸಿಲಿಯಾಳೂ ನಕ್ಕಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ನಕ್ಕಳು. ಪಾಪ ಮಗು, ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಕಟ್ಟಿತು. ರಾಝಿಕ್ ಅಂದ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಸಂಜೆ ಹೋಗುವಾಗ ಸೂಪರ್ ಮಾರ್ಕೆಟಿನಿಂದ ಮೆಂತ್ಯ ತೆಗೆದುಕೊಳ್ಳುವ, ಮೂರು ದಿನದಲ್ಲಿ ಹಸಿರು ಬರುತ್ತದೆ. ಅದು ಸರಿಯೇ. ಆದರೆ ಬಂದ ಮಗು ತಟ್ಟೆ ನೋಡಿದ ಕೂಡಲೇ ಇದು ಭತ್ತವಲ್ಲ ಎನ್ನುತ್ತದೆ, ಮಮ್ಮಿ ಸುಳ್ಳು ಹೇಳಿದಳು ಎಂದು ಗೊತ್ತಾಗುತ್ತದೆ. ಮಗಳ ಜೊತೆಗಿನ ಸಂಸಾರ ಸುಳ್ಳಿನಿಂದ ಶುರುವಾಗುವುದು ಅವಳಿಗೆ ಬೇಡವಾಗಿತ್ತು. ಅಲ್ಲೇ ಫೋನ್ ಮಾಡಿದಳು. ಅತ್ತೆಗೆ ಜೋರು ಮಾಡಿ ಮಗುವಿನ ಕೈಗೆ ಕೊಡಿಸಿದಳು.

"ಪುತಾ, ಮಮ್ಮಿ ಅವತ್ತು ಸುಳ್ಳು ಹೇಳಿದ್ದು. ಪೈರು ಬರ್ಲಿಲ್ಲ."

"ಒಂದೂ?"

"ಒಂದೂ ಇಲ್ಲ."

"ದೇವರಾಣೆ?"

"ದೇವರಾಣೆ."

ಅಷ್ಟೇ. ಕಟ್ಟೆ ಒಡೆದ ಹಾಗೆ ಲವಿಟಾ ಮಾತಿಗೆ ಶುರುಮಾಡಿದಳು. ಹಟ್ಟಿಯಲ್ಲಿ ಬೆಕ್ಕು ಮರಿ ಹಾಕಿದೆ, ಒಂದಕ್ಕೆ ಮಾತ್ರ ಬಿಳಿ ಕಾಲು. ಅಜ್ಜಿ ಹಬ್ಬಕ್ಕೆ ಕರಿದ ನೆವ್ರಿ ಎಣ್ಣೆಯಲ್ಲಿ ಒಡೆದು ಹೂರಣವೆಲ್ಲ ಹೊರಗೆ. ಇಗರ್ಜಿಯ ನಾಟಕದಲ್ಲಿ ತಾನು ದೇವದೂತೆ, ರೆಕ್ಕೆ ಚುಚ್ಚುತ್ತದೆ, ಆದರೂ ಹೇಳಲಿಲ್ಲ. ಹಲಸಿನ ಮರಕ್ಕೆ ನಕ್ಷತ್ರ ಕಟ್ಟಿದ್ದಾರೆ. ಇವತ್ತು ತಾನು ಮೂರು ದೋಸೆ ತಿನ್ನುವುದು. ಮಾತಿನ ನಡುವೆ ನಗು, ನಗುವಿನ ನಡುವೆ ಮಾತು. ಇಷ್ಟು ವರ್ಷ ಸಿಸಿಲಿಯಾ ಕಾದು ಕುಳಿತ ದನಿ ಅದೇ. ಮಂಜಿನಲ್ಲಿ ಕಾರು ತೆವಳುತ್ತಿತ್ತು, ಹೀಗೇ ತೆವಳಲಿ ಎಂದು ಅವಳು ಬೇಡಿಕೊಂಡಳು. ರಾಝಿಕ್‌ನ ಕಡೆ ತಿರುಗಿ ಕೈಸನ್ನೆ ಮಾಡಿದಳು, ಕೇಳು, ನನ್ನ ಮಗಳು ಎಷ್ಟು ಮಾತಾಡ್ತಾಳೆ ಕೇಳು ಎನ್ನುವ ಹಾಗೆ.

"ಮಮ್ಮಾ, ನೀನು ಬೇಜಾರು ಮಾಡಬೇಡ," ಎಂದಳು ಲವಿಟಾ ಕೊನೆಗೆ. "ಬರುವ ವರ್ಷ ಬೇಯಿಸದ್ದು ಕಳಿಸ್ತೇನೆ."

ಸಿಸಿಲಿಯಾಳ ಕೈ ಹಾಗೇ ನಿಂತಿತು. ಬೇಯಿಸಿದ ಭತ್ತ ಎಂದು ಅವಳು ಮಗಳ ಹತ್ತಿರ ಹೇಳಿರಲಿಲ್ಲ. ಪೈರು ಬರಲಿಲ್ಲ ಎಂದಷ್ಟೇ ಹೇಳಿದ್ದು. ಬಂತಾ, ಬಂತಾ ಎಂದು ಮಗು ದಿನಾ ಕೇಳಿದ್ದು ಆಸೆಯಿಂದಲ್ಲ, ಹೆದರಿಕೆಯಿಂದ. ಬಂತು ಎಂದ ದಿನದಿಂದ ಅದರ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

"ಹಾಗಾದ್ರೆ ನಾನು ಬರುವುದು ಬೇಡ ಅಲ್ವಾ ಮಮ್ಮಾ? ನೀನೇ ಹೇಳಿದ್ದು."

ಹೇಳಲು ಸಾವಿರ ಮಾತಿತ್ತು. ಗುಲಾಬಿ ಮಂಚ ಇತ್ತು, ವೀಸಾ ಇತ್ತು, ಆರು ವರ್ಷ ಇತ್ತು. ಎಳೆದು ತರುವ ಹಕ್ಕೂ ಇತ್ತು.

"ಹೌದು ಪುತಾ," ಎಂದಳು. "ನಾನೇ ಹೇಳಿದ್ದು."

ಆ ಕಡೆ ಅಜ್ಜೀ ಎಂದು ಕೂಗುತ್ತಾ ಓಡಿದ ಸದ್ದು ಕೇಳಿಸಿತು, ಫೋನ್ ಎಲ್ಲೋ ಬೆಂಚಿನ ಮೇಲೆ ಉಳಿಯಿತು. ಸಿಸಿಲಿಯಾ ಕಿವಿಯಿಂದ ತೆಗೆಯದೆ ಅಂಗಳದ ಕೋಳಿಗಳ ಸದ್ದು ಕೇಳುತ್ತಾ ಕುಳಿತಳು. ಕಣ್ಣೀರು ಯೂನಿಫಾರ್ಮಿನ ಕಾಲರಿಗೆ ಇಳಿಯುತ್ತಿತ್ತು.

ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಹತ್ತಿರ ಬರುವಾಗ ಮಂಜು ಕರಗಿ ಬಿಸಿಲು ಬಿತ್ತು. ರಾಝಿಕ್ ಮೆಲ್ಲಗೆ ಕೇಳಿದ, "ಸಂಜೆ ಮೆಂತ್ಯ ತಗೊಳ್ಳುವನಾ ಬಾಯಮ್ಮ?"

"ಬೇಡ ರಾಝಿಕ್. ಈ ವರ್ಷ ಮೊಳೆಯುವುದು ಬೇಡ."

ಅವಳು ತಟ್ಟೆಯನ್ನು ಬಿಸಿಲಿನಿಂದ ಎತ್ತಿ ಕಾಲಬುಡದಲ್ಲಿ ಇಟ್ಟುಕೊಂಡಳು.