ಅಕ್ಕ ಕೂತ ಜೀನುಗಳು

ಅಕ್ಕ ಮದುವೆಯಾಗಿ ಹೋದ ಮೇಲೆ ಜೀನಗಾರ ಮಾಡಿದ ಮೊದಲ ಕೆಲಸವೆಂದರೆ ಅವಳ ತೂಕದಷ್ಟು ಮರಳು ತರಿಸಿದ್ದು.

ಮರಳನ್ನು ಎರಡು ಗೋಣಿಚೀಲಗಳಿಗೆ ತುಂಬಿದ. ತಕ್ಕಡಿಯ ಎರಡು ತಟ್ಟೆಗಳಲ್ಲಿ ಎದುರುಬದುರು ಇಟ್ಟು, ಇದರಿಂದ ಒಂದು ಹಿಡಿ ತೆಗೆದು ಅದಕ್ಕೆ ಹಾಕಿ, ಅದರಿಂದ ಅರ್ಧ ಹಿಡಿ ಇದಕ್ಕೆ ಹಿಂತಿರುಗಿಸಿ, ಮುಳ್ಳು ಅಲುಗದೆ ನಿಂತ ಮೇಲೆ ಬಾಯಿ ಹೊಲಿದ. ಎರಡನ್ನೂ ಅಗಲವಾದ ಚರ್ಮದ ಪಟ್ಟಿಯಿಂದ ಜೋಡಿಸಿದ. ಕುದುರೆಯ ಬೆನ್ನಿಗೆ ಹಾಕಿದರೆ ಚೀಲಗಳು ಆಚೆಗೊಂದು ಈಚೆಗೊಂದು ಇಳಿಬಿದ್ದು, ದೂರದಿಂದ ನೋಡಿದವರಿಗೆ ತಲೆಯಿಲ್ಲದ ಸವಾರನೊಬ್ಬ ಕೂತಂತೆ ಕಾಣುತ್ತಿತ್ತು.

ಬೇರೆ ದಾರಿ ಇರಲಿಲ್ಲ. ಕೈಚೀಲ, ಹೆಗಲಚೀಲ ಹೊಲಿಯುವುದಾದರೆ ಒಬ್ಬನೇ ಕೂತು ಹೊಲಿಯಬಹುದು. ದಬ್ಬಳವಿದೆ, ಮೇಣ ಹಚ್ಚಿದ ದಾರವಿದೆ, ಎರಡು ಕೈಗಳಿವೆ. ಕುದುರೆಯ ಬೆನ್ನಿಗೆ ಜೀನು ಕೂರಿಸುವ ಕೆಲಸ ಹಾಗಲ್ಲ. ಅವನ ಅಂಗಡಿಗೆ ಬರುವುದು ಹೆಚ್ಚಾಗಿ ಹಳೆಯ ಜೀನುಗಳೇ. ಕುದುರೆ ಸತ್ತಿರುತ್ತದೆ ಅಥವಾ ಮಾರಿಹೋಗಿರುತ್ತದೆ, ಜೀನು ಮಾತ್ರ ಉಳಿದಿರುತ್ತದೆ. ಅದನ್ನು ಇನ್ನೊಂದು ಕುದುರೆಯ ಬೆನ್ನಿಗೆ ಒಗ್ಗಿಸಬೇಕು. ಜೀನಿನ ಅಡಿಯಲ್ಲಿ ಬೆನ್ನುಮೂಳೆಯ ಎಡಬಲಗಳಿಗೆ ಉಣ್ಣೆ ತುಂಬಿದ ಎರಡು ಮೆತ್ತೆಗಳಿರುತ್ತವೆ. ಅವುಗಳ ಹೊಲಿಗೆ ಬಿಚ್ಚಿ ಎಲ್ಲಿ ಒತ್ತುತ್ತದೋ ಅಲ್ಲಿ ಉಣ್ಣೆ ತೆಗೆಯಬೇಕು, ಎಲ್ಲಿ ಕುಸಿಯುತ್ತದೋ ಅಲ್ಲಿ ತುಂಬಬೇಕು. ಅದು ಗೊತ್ತಾಗಬೇಕಾದರೆ ಒಬ್ಬರು ಮೇಲೆ ಕೂರಬೇಕು, ಇನ್ನೊಬ್ಬರು ಹಿಂದೆ ನಿಂತು ಆಸನ ಸಮವಾಗಿದೆಯೇ ಎಂದು ಕಣ್ಣು ಕಿರಿದುಮಾಡಿ ನೋಡಬೇಕು.

“ಬರಿದಾದ ಜೀನು ಸುಳ್ಳು ಹೇಳುತ್ತೆ, ಭಾರ ಬಿದ್ದಾಗಲೇ ಅದರ ಬಾಯಲ್ಲಿ ನಿಜ ಬರೋದು” ಎನ್ನುತ್ತಿದ್ದರು ಅಪ್ಪ. ಗಿರಾಕಿಯನ್ನೇ ಕೂರಿಸಿ ನೋಡಬಹುದಲ್ಲ ಎಂದು ಯಾರಾದರೂ ಕೇಳಿದರೆ, “ಕೊಳ್ಳೋನನ್ನ ಕೂರಿಸಲೇಬಾರದು. ಬೆಲೆ ಅಗ್ಗ ಅಂತ ಗೊತ್ತಾದರೆ ಅವನ ಕುಂಡೆಗೆ ಯಾವ ಜೀನಾದರೂ ಹಾಯಾಗಿರುತ್ತೆ” ಎಂದು ನಗುತ್ತಿದ್ದರು.

ಹಾಗಾಗಿ ಕೂರುವವಳು ಅಕ್ಕ. ಅಪ್ಪನ ಕಾಲ ಮುಗಿದು ತಮ್ಮನ ಕಾಲ ಬಂದ ಮೇಲೂ ಅವಳೇ. ಯಾರ ಕುದುರೆಯೇ ಆಗಲಿ, ಸರಕ್ಕನೆ ಹತ್ತಿ ಕೂತು, ಕಣ್ಣು ಮುಚ್ಚಿ, “ಇನ್ನೊಂದು ಚೂರು ಹಾಕೋ... ಇನ್ನೊಂದು ಚೂರು... ಹ್ಞಾಂ, ಈಗ ಸಿಂಹಾಸನ” ಎನ್ನುವಳು. ಸಿಂಹಾಸನ ಎಂಬ ಮಾತು ಬಿದ್ದ ಮೇಲೆಯೇ ಜೀನು ಅಂಗಡಿಯ ಹೊಸ್ತಿಲು ದಾಟುತ್ತಿದ್ದುದು. ಮೂವತ್ತು ವರ್ಷ ಹೀಗೆ ನಡೆಯಿತು.

ಆಮೇಲೆ, ಐವತ್ತು ದಾಟಿದ ಮೇಲೆ, ಅಕ್ಕ ಮದುವೆಯಾದಳು. ಹುಡುಗ ಎಂದರೆ ಬಸ್ಸು ಓಡಿಸಿ ನಿವೃತ್ತನಾದ ವಿಧುರ. ಕಿತ್ತುಹೋದ ಚೀಲದ ಹಿಡಿ ಹೊಲಿಸಲು ಬಂದವನು ಅದೇ ಚೀಲ ಹಿಡಿದು ಮತ್ತೆ ಮತ್ತೆ ಬಂದ. ಒಂದು ಹಿಡಿ ಎಷ್ಟು ಸಲ ಕಿತ್ತುಹೋಗಲು ಸಾಧ್ಯ, ತನ್ನ ಹೊಲಿಗೆಯಲ್ಲೇ ಏನಾದರೂ ದೋಷವಿದೆಯೇ ಎಂದು ಜೀನಗಾರ ತಲೆ ಕೆಡಿಸಿಕೊಂಡಿದ್ದಾಗ, ಅಕ್ಕ ಅಡುಗೆಮನೆಯಿಂದಲೇ ಹೇಳಿದಳು: “ಹೊಲಿಗೆ ಗಟ್ಟಿಯಾಗೇ ಇದೆ ಕಣೋ ಪೆದ್ದ. ಅವರೇ ಬ್ಲೇಡಲ್ಲಿ ಕೊಯ್ಕೊಂಡು ಬರ್ತಿರೋದು.”

ಹೊರಡುವ ದಿನ ಅವಳು ಕೇಳಿದ್ದು ಒಂದೇ. “ನನಗೊಂದು ಹೆಗಲಚೀಲ ಮಾಡಿಕೊಡು. ಊರಿಗೆಲ್ಲ ಹೊಲಿದುಕೊಟ್ವಿ, ನನ್ನ ಹೆಗಲಿಗೆ ಮಾತ್ರ ಬಟ್ಟೆಚೀಲ.”

ಆ ಚೀಲ ಇನ್ನೂ ಆಗಿರಲಿಲ್ಲ. ಚೀಲಗಳಿಗೆ ಚರ್ಮ ಆರಿಸುತ್ತಿದ್ದವಳೂ ಅಕ್ಕನೇ.

ಚರ್ಮದ ಮಂಡಿ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಹಲಗೆಯ ನೆಲ, ಎರಡೂ ಬದಿಗೆ ಎದೆಮಟ್ಟದ ಚರ್ಮದ ಅಟ್ಟಿಗಳು, ನಡುವೆ ಉದ್ದನೆಯ ದಾರಿ. ಅದರ ಯಜಮಾನನನ್ನು ಎಲ್ಲರೂ ತೊಗಲು ಮಾವ ಎಂದೇ ಕರೆಯುತ್ತಿದ್ದರು. ಕಣ್ಣಿಗೆ ಪೊರೆ ಬಂದು ಮಾವನಿಗೆ ಈಗ ಮನುಷ್ಯರೆಲ್ಲ ನೆರಳಿನಂತೆ ಕಾಣುತ್ತಿದ್ದರು; ಬಂದವರನ್ನು ಹೆಜ್ಜೆಯ ಸದ್ದಿನಿಂದಲೇ ಗುರುತಿಸುತ್ತಿದ್ದ.

ಜೀನಗಾರ ಅಟ್ಟಿಯಿಂದ ಒಂದು ಚರ್ಮ ಎಳೆದು ಮಡಚಿ ನೋಡಿದ. ಮಡಿಕೆಯಲ್ಲಿ ಸಣ್ಣ ಸುಕ್ಕು ಒತ್ತೊತ್ತಾಗಿ ಎದ್ದರೆ ಬೆನ್ನಿನ ಭಾಗ, ಅಲ್ಲಿ ನಾರು ಬಿಗಿ. ದಪ್ಪ ಸುಕ್ಕು ಸಡಿಲವಾಗಿ ಎದ್ದರೆ ಹೊಟ್ಟೆಯ ಭಾಗ, ಪಟ್ಟಿ ಮಾಡಿದರೆ ವರ್ಷದೊಳಗೆ ಜೋತುಬೀಳುತ್ತದೆ. ಉಗುರಿನಿಂದ ಗೀರಿದ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಎಲ್ಲ ಪರೀಕ್ಷೆಗಳಲ್ಲೂ ಅದು ಪಾಸು. ಎರಡನೆಯದೂ ಪಾಸು, ಮೂರನೆಯದೂ ಪಾಸು. ಎಲ್ಲವೂ ಪಾಸಾದರೆ ಆರಿಸುವುದು ಹೇಗೆ?

“ಮೂರನೇ ಸಲ ಬರ್ತಿದೀಯ. ಚರ್ಮ ಕೊಳ್ಳೋಕೆ ಬಂದ್ಯೋ, ಅದರ ಕ್ಷೇಮ ಸಮಾಚಾರ ವಿಚಾರಿಸೋಕೆ ಬಂದ್ಯೋ?” ಮಾವ ಮೂಲೆಯಿಂದ ಕೇಳಿದ.

“ಇನ್ನೊಂದಿನ ಬರ್ತೀನಿ ಮಾವ.”

“ನಿಮ್ಮಕ್ಕ ಆಗಿದ್ರೆ ಇಷ್ಟೊತ್ತಿಗೆ ಆರಿಸಿ, ಚೌಕಾಸಿ ಮಾಡಿ, ನನ್ನ ಬೈದು ಮನೆ ಸೇರಿರ್ತಿದ್ಲು.”

ನಿಜ. ಅಕ್ಕ ಚರ್ಮವನ್ನು ಮಡಚುತ್ತಲೂ ಇರಲಿಲ್ಲ, ಗೀರುತ್ತಲೂ ಇರಲಿಲ್ಲ. ಹೆಗಲ ಮೇಲೆ ಎಸೆದುಕೊಂಡು ಮಂಡಿಯ ಆ ತುದಿಯವರೆಗೆ ನಡೆದು ಹಿಂತಿರುಗುವಳು, ಅಷ್ಟೇ. “ಚೀಲ ಕೈಗಲ್ಲ ಕಣೋ, ನಡಿಗೆಗೆ ಒಗ್ಗಬೇಕು. ನಡೆವಾಗ ಸತ್ತ ಹಾಗೆ ನೇತಾಡೋ ಚರ್ಮ ಬೇಡ” ಎನ್ನುವಳು. ಮುಳ್ಳುತಂತಿ ಗೀರಿದ ಕಲೆಯಿರುವ ಚರ್ಮವೆಂದರೆ ಅವಳಿಗೆ ಇನ್ನೂ ಇಷ್ಟ. ಬೇಲಿ ಹಾರಿದ ದನ, ಗಟ್ಟಿ ಜೀವ ಎಂಬುದು ಅವಳ ವಾದ.

ಬರಿಗೈಯಲ್ಲಿ ಮನೆಗೆ ಬಂದು ಅನ್ನ ಮಾಡಿದ. ಇಬ್ಬರಿಗಾಗುವಷ್ಟು ಮಾಡಿದ್ದೇನೆಂದು ಬಡಿಸಿಕೊಳ್ಳುವಾಗಷ್ಟೇ ಅವನಿಗೆ ಗೊತ್ತಾಯಿತು. ಈ ತಪ್ಪು ವಾರಕ್ಕೆ ಎರಡು ಮೂರು ಸಲ ಆಗುತ್ತಿತ್ತು. ಅಳತೆಯ ಲೋಟ ಅದೇ, ಕೈಯೂ ಅದೇ. ಉಣ್ಣುವವರು ಕಡಿಮೆಯಾದದ್ದು ಕೈಗೆ ತಿಳಿದಿರಲಿಲ್ಲ.

ಮರಳು ಮೂಟೆ ಕೂರಿಸಿ ಅವನು ಸರಿಮಾಡಿದ ಮೊದಲ ಜೀನು ಊರಾಚೆಯ ಸವಾರಿ ಶಾಲೆಯ ಕಂದು ಕುದುರೆಗೆ ಹೋಗಿತ್ತು. ಉಣ್ಣೆ ಅಮರಿಕೊಳ್ಳುವಷ್ಟು ದಿನ ಬಿಟ್ಟು, ಹೇಗಿದೆಯೋ ಎಂಬ ಅಳುಕಿನಲ್ಲೇ ನೋಡಲು ಹೋದ. ಶಾಲೆ ನಡೆಸುವ ಮೇಡಂ ಲಾಯದ ಬಾಗಿಲಲ್ಲೇ ಸಿಕ್ಕರು.

“ಬನ್ನಿ ಬನ್ನಿ. ಅಂತೂ ನಿಮ್ಮ ಕೈ ಪಳಗಿತು ನೋಡಿ!”

“ಮೂವತ್ತು ವರ್ಷದ ಮೇಲಾ ಮೇಡಂ?”

“ತಮಾಷೆಯಲ್ಲ. ಈ ಹೆಣ್ಣು ಎಡಕ್ಕೂ ಬಲಕ್ಕೂ ಒಂದೇ ಥರ ತಿರುಗ್ತಾಳೆ. ಮಿಕ್ಕವೆಲ್ಲ ಎಡಗಡೆ ಪಕ್ಷ. ಬಲಕ್ಕೆ ತಿರುಗು ಅಂದ್ರೆ ಕಿವಿ ಹಿಂದಕ್ಕೆ ಹಾಕ್ತವೆ. ಕುದುರೆಗಳದ್ದೇ ಹಠ ಅಂತಿದ್ದೆ ಇಷ್ಟು ದಿನ. ಮೊನ್ನೆ ಇವಳ ಜೀನನ್ನ ಆ ಹಠಮಾರಿ ಕರಿಯನಿಗೆ ಹಾಕಿ ನೋಡಿದೆ. ಅವನೂ ಸಲೀಸಾಗಿ ತಿರುಗಿದ! ಈ ಸಲ ಏನು ಬೇರೆ ಮಾಡಿದ್ರಿ?”

“ಉಳಿದವನ್ನೂ ಒಮ್ಮೆ ನೋಡ್ತೀನಿ ಮೇಡಂ.”

ಹಿಂದೆ ತಾನೇ ಕೂರಿಸಿಕೊಟ್ಟಿದ್ದ ಶಾಲೆಯ ಉಳಿದ ಜೀನುಗಳನ್ನು ಒಂದೊಂದಾಗಿ, ಜೀನು ಇಡುವ ಮರದ ಕುದುರೆಯ ಮೇಲೆ ಇಟ್ಟ. ನಡುವಿನಿಂದ ಗುಂಡು ಕಟ್ಟಿದ ತೂಗುದಾರ ಇಳಿಬಿಟ್ಟು ನೋಡಿದ. ಬಲಗಡೆ ಎತ್ತರ, ಸುಮಾರು ಅರ್ಧ ಬೆರಳಿನಷ್ಟು. ಇನ್ನೊಂದರದ್ದೂ ಬಲಗಡೆಯೇ. ಮತ್ತೊಂದರದ್ದೂ. ಕೈತಪ್ಪಿನಿಂದ ಆಗುವ ತಪ್ಪು ಒಮ್ಮೆ ಆಚೆ ವಾಲುತ್ತದೆ, ಒಮ್ಮೆ ಈಚೆ. ಇದು ಎಲ್ಲದರಲ್ಲೂ ಒಂದೇ ಕಡೆಗೆ, ಹೆಚ್ಚುಕಡಿಮೆ ಒಂದೇ ಅಳತೆಗೆ ವಾಲಿತ್ತು. ಮೊದಲಿನಿಂದಲೂ ಮುಳ್ಳು ಸರಿದಿರುವ ತಕ್ಕಡಿ ಮಾಡುವ ತಪ್ಪಿನಂಥದ್ದು. ಆ ತಕ್ಕಡಿಯಲ್ಲಿ ತೂಗಿದ್ದೆಲ್ಲ ತಪ್ಪು, ಆದರೆ ಎಲ್ಲವೂ ಒಂದೇ ಥರ ತಪ್ಪಾದ್ದರಿಂದ ಯಾರಿಗೂ ತಿಳಿಯುವುದಿಲ್ಲ.

ಸರಿದ ಮುಳ್ಳು ಯಾವುದು? ತನ್ನ ಕಣ್ಣೇ? ಹಾಗಿದ್ದರೆ ಕಂದು ಕುದುರೆಯ ಜೀನೂ ಓರೆಯಾಗಬೇಕಿತ್ತು. ಕೈ ಅದೇ, ಕಣ್ಣು ಅದೇ, ಉಣ್ಣೆ ಅದೇ. ಬದಲಾದದ್ದು ಒಂದೇ. ಮರಳು ಮೂಟೆಯ ಎರಡು ಬದಿಗಳೂ ಸಮ.

ಅಕ್ಕನ ಎಡಗಾಲು ಚಿಕ್ಕಂದಿನಲ್ಲಿ ಜ್ವರ ಬಂದ ಮೇಲೆ ಸ್ವಲ್ಪ ಗಿಡ್ಡವಾಗಿತ್ತು. ಭಾರವನ್ನೆಲ್ಲ ಗಟ್ಟಿಕಾಲಿನ ಕಡೆಗೆ ಹಾಕುವುದು ಅವಳ ರೂಢಿ. ಅವಳು ಬಲಕ್ಕೆ ವಾಲಿ ಕೂರುತ್ತಿದ್ದಳು, ಆಸನ ಬಲಕ್ಕೆ ತಗ್ಗುತ್ತಿತ್ತು, ಅವನು ಬಲಮೆತ್ತೆಗೆ ಉಣ್ಣೆ ತುಂಬುತ್ತಿದ್ದ. ಅಕ್ಕನಿಗೆ ಸಿಂಹಾಸನವಾದದ್ದು ಉಳಿದವರಿಗೆಲ್ಲ ಇಳಿಜಾರು. ಅವಳು ಕುಂಟುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಹಜಾರದಲ್ಲಿ ಒಂದು ಹೆಜ್ಜೆ ಜೋರಾಗಿ, ಒಂದು ಮೆತ್ತಗೆ ಕೇಳಿದರೆ ಅದು ಕುಂಟು ಎಂದು ಅವನ ಕಿವಿಗೆ ಅನ್ನಿಸುತ್ತಲೇ ಇರಲಿಲ್ಲ. ಅದು ಅಕ್ಕ ಬಂದಳು ಎಂಬುದರ ಸದ್ದು.

“ಎಲ್ಲಿ ತಪ್ಪಿದ್ದು?” ಮೇಡಂ ಕೇಳಿದರು.

“ನನ್ನ ಕಣ್ಣು ಮೇಡಂ. ಎಲ್ಲಾನೂ ಸರಿಮಾಡಿ ಕೊಡ್ತೀನಿ.”

ಜೀನುಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಅಂಗಡಿಯಲ್ಲಿ ಸಾಲಾಗಿ ಇಟ್ಟ. ಒಂದೊಂದರ ಬಲಮೆತ್ತೆ ಬಿಚ್ಚಿ, ಕೊಕ್ಕೆಯಿಂದ ಉಣ್ಣೆ ಎಳೆದು ತೆಗೆದ. ವರ್ಷಗಟ್ಟಲೆ ಅಮುಕಿಸಿಕೊಂಡ ಉಣ್ಣೆ ಗಂಟುಗಂಟಾಗಿ ಬಂತು. ಸಾಯಂಕಾಲಕ್ಕೆ ಹಲಗೆಯ ಮೇಲೆ ಸಣ್ಣ ಗುಡ್ಡೆ. ಹೊಸ್ತಿಲು ದಾಟಿ ಎಲ್ಲೆಲ್ಲಿಗೋ ಹೋದ ಬೇರೆ ಜೀನುಗಳಿದ್ದವು, ಅವುಗಳನ್ನೂ ಹುಡುಕಿ ತರಬೇಕು.

ಭಾನುವಾರ ಅಕ್ಕನಿಗೆ ಫೋನು ಮಾಡುವ ದಿನ. ಹೇಳುವುದೋ ಬೇಡವೋ? ಹೇಳಿದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕ ಮುಂದಿನ ಬಸ್ಸು ಹತ್ತಿ ಬರುತ್ತಾಳೆ. ಮನೆಮನೆಗೆ ಹೋಗಿ ಜೀನು ತರುತ್ತಾಳೆ, ಎಲ್ಲ ಸರಿಯಾಗುವ ತನಕ ಇಲ್ಲಿಂದ ಕದಲುವುದಿಲ್ಲ. ವಾರಗಟ್ಟಲೆ ಹಜಾರದಲ್ಲಿ ಆ ಹೆಜ್ಜೆ, ಲೋಟದ ಅಳತೆಗೆ ಸರಿಯಾದ ಅನ್ನ. ಅದಕ್ಕಾಗಿ ಅವನು ಕೊಡಬೇಕಾದದ್ದು ಒಂದೇ ವಾಕ್ಯ: ಮೂವತ್ತು ವರ್ಷ ನೀನು ಕೂತದ್ದೆಲ್ಲ ಓರೆ.

ಫೋನು ಎತ್ತಿದ್ದು ಭಾವ. “ಹಲೋ, ಮುಂದಿನ ಸ್ಟಾಪು ನಿಮ್ಮಕ್ಕ! ಇಳಿಯೋರು ಬಾಗಿಲ ಹತ್ರ ಬನ್ನಿ!”

“ಕೊಡ್ರೀ ಇಲ್ಲಿ,” ಅಕ್ಕನ ದನಿ ಹತ್ತಿರವಾಯಿತು. “ಊಟ ಸರಿಯಾಗಿ ಮಾಡ್ತಿದೀಯೇನೋ? ಜೀನಿನ ಮೇಲೆ ಈಗ ಯಾರನ್ನ ಕೂರಿಸ್ತಿದೀಯ?”

“ಮರಳು ಮೂಟೆ.”

ಅಕ್ಕ ಕೆಮ್ಮು ಬರುವಷ್ಟು ನಕ್ಕಳು. “ನನ್ನ ಜಾಗಕ್ಕೆ ಮೂಟೆ! ತೂಕ ಎಷ್ಟು ಹಾಕಿದೀಯ?”

“ನಿನ್ನಷ್ಟೇ.”

“ಇನ್ನೂ ಎರಡು ಸೇರು ಸೇರಿಸು. ಇವರು ಬಸ್ಸು ಬಿಟ್ಟು ಒಲೆ ಹಿಡಿದಿದಾರೆ, ನಾನು ಊದಿಕೊಂಡಿದೀನಿ.”

“ಅಕ್ಕಾ, ಒಂದು ವಿಷಯ. ನೀನು ಜೀನಿನ ಮೇಲೆ ಕೂತಾಗ...”

“ಗೊತ್ತು ಬಿಡೋ.” ಅಕ್ಕನ ದನಿ ತಗ್ಗಿತು. “ನಾನೇ ಹೇಳಬೇಕು ಅಂತಿದ್ದೆ. ಕುರ್ಚೀಲಿ, ಬಸ್ಸಲ್ಲಿ, ಎಲ್ಲಿ ಕೂತರೂ ನಾನು ಒಂದು ಕಡೆ ವಾಲೋಳೇ. ಇಲ್ಲಿ ಬಂದ ಮೇಲೆ ಅದು ಜಾಸ್ತಿ ಗೊತ್ತಾಗ್ತಿದೆ. ನೀನು ಕೂರಿಸಿದ ಜೀನಿನ ಮೇಲೆ ಮಾತ್ರ ನಾನು ನೆಟ್ಟಗೆ ಕೂತಿದ್ದು. ನನಗೋಸ್ಕರ ಅಂತ ನೀನು ಬಲಗಡೆ ಒಂದು ಹಿಡಿ ಉಣ್ಣೆ ಹೆಚ್ಚಿಗೆ ತುಂಬ್ತಿದ್ದೆ, ನಾನು ಇಳಿದ ಮೇಲೆ ಅಷ್ಟನ್ನ ತೆಗೆದು ಗಿರಾಕಿಗೆ ಕೊಡ್ತಿದ್ದೆ. ಎಷ್ಟು ಕೆಲಸ ಅದು! ಒಂದಿನಾನೂ ಬಾಯಿಬಿಟ್ಟು ಹೇಳಲಿಲ್ಲ ನೀನು. ನಾನೂ ಕೇಳಲಿಲ್ಲ, ಕೇಳಿದ್ರೆ ನಿಲ್ಲಿಸಿಬಿಡ್ತೀಯೇನೋ ಅಂತ.”

ಜೀನಗಾರನ ಎದುರಿಗೆ ಹಲಗೆಯ ಮೇಲೆ ಉಣ್ಣೆಯ ಗುಡ್ಡೆ.

“ಏನೋ, ಮಾತಿಲ್ಲ? ತೆಗೀತಿದ್ದೆ ತಾನೇ ಆಮೇಲೆ?”

“ಹೂಂ,” ಅಂದ. “ತೆಗೀದೆ ಇರ್ತೀನಾ.”

“ಅದೇ ಮತ್ತೆ. ಕುದುರೆಗಳ ಬೆನ್ನು ಏನಾಗ್ಬೇಕು, ಪಾಪ. ಅದಿರಲಿ, ನನ್ನ ಚೀಲ ಎಲ್ಲಿಗೆ ಬಂತು?”

“ಆಗ್ತಾ ಇದೆ.”

“ಅಂದ್ರೆ ಇನ್ನೂ ಚರ್ಮಾನೇ ತಂದಿಲ್ಲ.”

ಮಾರನೆಯ ದಿನ ಅವನು ಮಂಡಿಗೆ ಹೋದ. ಮಾವ ಹಿಂದಿನ ಕೋಣೆಯಲ್ಲಿ ಯಾರೊಂದಿಗೋ ಫೋನಿನಲ್ಲಿ ಜಗಳವಾಡುತ್ತಿದ್ದ. ಜೀನಗಾರ ಮಡಚಲಿಲ್ಲ, ಗೀರಲಿಲ್ಲ. ಅಟ್ಟಿಯ ನಡುವಿನಿಂದ ಉದ್ದನೆಯ ತಂತಿಗೀರಿನ ಕಲೆಯಿದ್ದ ಒಂದು ಚರ್ಮ ಎಳೆದು ಹೆಗಲಿಗೆ ಹಾಕಿಕೊಂಡು ನಡೆದ. ಅದು ಒದ್ದೆ ಗೋಣಿಯ ಹಾಗೆ ಜೋತುಬಿದ್ದಿತ್ತು. ಇನ್ನೊಂದನ್ನು ಹಾಕಿಕೊಂಡ. ಅದೂ ಅಷ್ಟೇ. ಆಮೇಲೆ, ಇದು ತನ್ನ ಹೆಗಲಿಗೆ ಬೇಕಾದ ಚೀಲವಲ್ಲ ಎಂಬುದು ಹೊಳೆಯಿತು.

ಮೊದಲಿನ ಚರ್ಮವನ್ನೇ ಮತ್ತೆ ಹೊದ್ದು, ಭಾರವನ್ನು ಬಲಗಾಲಿಗೆ ಬಿಟ್ಟ. ಎಡಗಾಲನ್ನು ಚೂರು ಹಿಡಿದು, ಮೆತ್ತಗೆ ಇಟ್ಟ. ಯಾರೂ ಕಲಿಸಿರಲಿಲ್ಲ, ಅವನೂ ಎಂದೂ ಗಮನವಿಟ್ಟು ನೋಡಿರಲಿಲ್ಲ. ಆದರೂ ಕಾಲಿಗೆ ಅದು ಪೂರ್ತಿ ಗೊತ್ತಿತ್ತು. ಸೊಂಟ ಎಷ್ಟು ತಗ್ಗಬೇಕು, ಹೆಗಲು ಎಲ್ಲಿ ಏಳಬೇಕು, ಎರಡು ಹೆಜ್ಜೆಗಳ ನಡುವೆ ಎಷ್ಟು ತಡೆಯಬೇಕು, ಎಲ್ಲವೂ. ಹಲಗೆಯ ನೆಲದ ಮೇಲೆ ಒಂದು ಹೆಜ್ಜೆ ಜೋರಾಗಿ, ಒಂದು ಮೆತ್ತಗೆ ಬಿದ್ದವು. ಬೆನ್ನ ಹಿಂದೆ ಚರ್ಮ ಆ ನಡಿಗೆಗೆ ತಕ್ಕಂತೆ ತೂಗತೊಡಗಿತು.

ಒಳಗೆ ಜಗಳ ತಟ್ಟನೆ ನಿಂತಿತು. ಮಾವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು, ಪೊರೆಗಣ್ಣುಗಳನ್ನು ಇತ್ತ ತಿರುಗಿಸಿದ. ಮುಖವೆಲ್ಲ ನಗು.

“ಓಹೋ! ಯಾವಾಗ ಬಂದ್ಯಮ್ಮ? ತಮ್ಮ ಒಂದು ಮಾತೂ ಹೇಳಲಿಲ್ಲ ನೋಡು!”

ಜೀನಗಾರ ಮಂಡಿಯ ಆ ತುದಿಯವರೆಗೂ ಹೋಗಿ, ಅದೇ ಹೆಜ್ಜೆಯಲ್ಲಿ ಹಿಂತಿರುಗಿ ಬಂದ.