ಬಾಯಿ ಮುಚ್ಚುವ ತಾಲೀಮು

"ನಿನ್ನ ಕೈಗೆ ಕೇಸು ಸಿಕ್ಕಿದ್ರೆ ಎದುರಿನ ವಕೀಲರು ಬರೋದೇ ಬೇಡ ಕಣಪ್ಪ. ನಿನ್ನ ಕಕ್ಷಿದಾರನನ್ನ ನೀನೇ ಜೈಲಿಗೆ ಕಳಿಸ್ತೀಯ," ಎಂದರು ಮೇಡಂ, ಇಡೀ ತರಗತಿಯ ಮುಂದೆ.

ಎಲ್ಲರೂ ನಕ್ಕರು. ಗೋಡೆಯ ಫ್ಯಾನು ಕೂಡ ಅವರ ಕಡೆಗೇ ತಲೆಯಾಡಿಸಿತು.

ಓದು ಅರ್ಧಕ್ಕೆ ಬಿಟ್ಟ ನನ್ನಂಥವರನ್ನು ಕಾನೂನು ಪದವಿಗೆ ತಯಾರು ಮಾಡುವ ಸಂಜೆ ಕೋರ್ಸು ಅದು, ಫೌಂಡೇಶನ್ ಎನ್ನುತ್ತಾರೆ. ಕೊನೆಗೊಂದು ಅಣಕು ನ್ಯಾಯಾಲಯ. ಅದರಲ್ಲಿ ಪಾಸಾದರೆ ಪದವಿಗೆ ಸೀಟು, ಇಲ್ಲವಾದರೆ ಭಾವನ ಸೋಫಾ ರಿಪೇರಿ ಅಂಗಡಿಯೇ ಗತಿ. ಆ ದಿನದ ಅಭ್ಯಾಸದಲ್ಲಿ ಎದುರು ಪಕ್ಷದವರು ಮಾತಾಡುವಾಗ ನಾನು ಮಧ್ಯೆ ಬಾಯಿ ಹಾಕಿದ್ದೆ. ಮತ್ತೆ ಮತ್ತೆ ಹಾಕಿದ್ದೆ. ಈಗ ಮೇಡಂ ಮಾತಿಗೂ ಹಾಕಿದೆ.

"ಅವರು ಸುಳ್ಳು ಹೇಳ್ತಿದ್ರೆ ನಾನು ಕೈಕಟ್ಟಿ ಕೂತಿರಬೇಕಾ ಮೇಡಂ?"

"ಹೌದು. ಕೂರೋಕೆ ಆಗದಿದ್ರೆ ಹೊರಗೆ ನಿಲ್ಲು. ಪರೀಕ್ಷೆ ದಿನ ಹೀಗೆ ಮಧ್ಯೆ ಎದ್ದು ಬಡಬಡಿಸಿದ್ರೆ ನೇರ ಫೇಲು."

ಹೊರಗೆ ನಿಂತೆ. ಒಳಗೆ ಮೇಡಂ ಪರೀಕ್ಷೆಯ ಕ್ರಮವನ್ನು ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದರು. ಕಿವಿಗೊಟ್ಟಿದ್ದರೆ ಕೇಳಿಸುತ್ತಿತ್ತು. ನಾನು ಮೆಟ್ಟಿಲ ಕಂಬಿ ಹಿಡಿದು, ಅವರಿಗೆ ಕೊಡಬೇಕಿದ್ದ ಉತ್ತರಗಳನ್ನು ಮಸೆಯುತ್ತಿದ್ದೆ. ಬಹಳ ಚೆನ್ನಾಗಿದ್ದವು. ಕೇಳುವವರಿರಲಿಲ್ಲ, ಅಷ್ಟೆ.

"ನಿನ್ನ ಕಾಯಿಲೆಗೆ ಒಂದೇ ಔಷಧಿ," ಎಂದಳು ಅಕ್ಕ, ರಾತ್ರಿ ಮನೆಯಲ್ಲಿ ನಡೆದದ್ದನ್ನು ಹೇಳಿದಾಗ. "ನಾವು ಬೈತೀವಿ, ನೀನು ಸುಮ್ನಿರು."

ಅಂಗಡಿಯಲ್ಲೇ ತಾಲೀಮು ಶುರುವಾಯಿತು. ನಾನು ಮಂಡಿಯೂರಿ ಹಳೆಯ ಸೋಫಾದ ಬಟ್ಟೆ ಕೀಳುತ್ತಿದ್ದರೆ, ಅಕ್ಕ ಹೊಲಿಗೆ ಯಂತ್ರದ ಹಿಂದೆ ಕೂತು ಮೆತ್ತಗೆ ಬೈಯುತ್ತಿದ್ದಳು. ಭಾವನಿಗೆ ಮೆತ್ತಗೆ ಎಂಬುದು ಗೊತ್ತಿಲ್ಲ. ಮದುವೆಯಾದ ದಿನದಿಂದ ನನ್ನ ಬಗ್ಗೆ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದನ್ನೆಲ್ಲ ವಿದ್ಯಾಭ್ಯಾಸದ ಹೆಸರಿನಲ್ಲಿ ಹೊರಗೆ ಹಾಕಿದ.

"ಇವನು ಮಾಡಿದ ಸೀಟು ನೋಡಿ ಸಾರ್," ಎಂದು ಗಿರಾಕಿಯನ್ನು ಕರೆದು ತೋರಿಸಿದ. "ಕೂತರೆ ಮಲಗಿದ ನಾಯಿ ಮೇಲೆ ಕೂತ ಹಾಗಾಗುತ್ತೆ."

"ಆ ಸ್ಪಂಜು ಕತ್ತರಿಸಿದ್ದು ನೀವು ಭಾವ."

"ಫೇಲು," ಎಂದಳು ಅಕ್ಕ, ದಾರ ಕಚ್ಚುತ್ತ.

ಗಿರಾಕಿಗೆ ಆಟ ಹಿಡಿಸಿಬಿಟ್ಟಿತು. "ನಾನೂ ಒಂದೆರಡು ಬೈಲಾ?" ಎಂದು ಕೇಳಿದ. ಭಾವ ಅವನಿಗೆ ಕುರ್ಚಿ ಎಳೆದುಕೊಟ್ಟ.

ಕೊನೆಗೆ ನನ್ನನ್ನು ಕಾಪಾಡಿದ್ದು ಕಸುಬು. ಬಟ್ಟೆ ಎಳೆದು ಸೋಫಾದ ಚೌಕಟ್ಟಿಗೆ ಹೊಡೆಯುವಾಗ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಹಿಡಿದುಕೊಳ್ಳುವುದು ನಮ್ಮಲ್ಲಿ ರೂಢಿ. ಬಾಯಿ ತುಂಬ ಮೊಳೆ ಇದ್ದಾಗ ನಾನು ಮಹಾ ಶಾಂತಮೂರ್ತಿ. ಬೈಗುಳ ಶುರುವಾದ ಕೂಡಲೇ ಮೊಳೆ ಬಾಯಿಗೆ ಹಾಕಿಕೊಂಡೆ. ಬರುಬರುತ್ತ ಮೊಳೆಯಿಲ್ಲದೆಯೂ ತುಟಿ ಬಿಗಿಹಿಡಿಯಲು ಕಲಿತೆ. ಪರೀಕ್ಷೆಯ ಹಿಂದಿನ ದಿನ ಭಾವ ನನ್ನ ಮೀಸೆಯನ್ನು ಆಡಿಕೊಳ್ಳುವ ತನಕ ಬಂದರೂ ನಾನು ಬಾಯಿ ಬಿಡಲಿಲ್ಲ. ಅಕ್ಕನಿಗೆ ಕಣ್ಣು ತುಂಬಿ ಬಂತು.

ಪರೀಕ್ಷೆಯಲ್ಲಿ ಸಿಕ್ಕ ಕೇಸು ಇದು: ಎದುರುತ್ತರ ಕೊಟ್ಟ ಕೆಲಸಗಾರನನ್ನು ಮಾಲೀಕ ತೆಗೆದುಹಾಕಿದ್ದಾನೆ. ಚೀಟಿ ಎತ್ತಿದಾಗ ನನ್ನ ಪಾಲಿಗೆ ಮಾಲೀಕ ಬಂದ. ನನ್ನ ಹಣೆಬರಹವೇ ಹಾಗೆ. ಆದರೆ ಎದ್ದು ನಿಂತಾಗ ಕಷ್ಟವೇ ಆಗಲಿಲ್ಲ. ಭಾವ ದಿನಾ ಹೇಳುತ್ತಿದ್ದುದನ್ನೇ ಸ್ವಲ್ಪ ಸೋಸಿ ಹೇಳಿದೆ. ನ್ಯಾಯಾಧೀಶರ ಕುರ್ಚಿಯಲ್ಲಿದ್ದ ಮೇಡಂ ತಲೆದೂಗಿ ಬರೆದುಕೊಂಡರು.

ಕೆಲಸಗಾರನ ಪರವಾಗಿ ಎದ್ದವಳು ನರ್ಸಕ್ಕ. ಆಸ್ಪತ್ರೆಯ ಪಾಳಿ ಮುಗಿಸಿ ಬಂದು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಚಹಾ ಹಂಚಿಕೊಂಡು ಕುಡಿಯುವಾಗ ನನ್ನ ಕಥೆಯನ್ನೆಲ್ಲ ಅವಳಿಗೆ ಹೇಳಿದ್ದೆ.

"ಮಾನ್ಯ ನ್ಯಾಯಾಧೀಶರೇ, ಎದುರುತ್ತರ ಕೊಟ್ಟವನಿಗೆ ಕೆಲಸ ಇರಬಾರದು ಅಂತಾನೆ ನನ್ನ ಈ ತಮ್ಮ. ಮೇಷ್ಟ್ರಿಗೆ ಎದುರುತ್ತರ ಕೊಟ್ಟೇ ಇವನು ಶಾಲೆ ಬಿಟ್ಟಿದ್ದು. ಇವತ್ತಿಗೂ ಕೆಲಸ ಉಳಿದಿದೆ ಅಂದ್ರೆ, ತೆಗೆಯೋಕೆ ಹೋದಾಗೆಲ್ಲ ಇವನ ಭಾವ ಹೆಂಡತಿ ಮುಖ ನೋಡಬೇಕಲ್ಲ, ಅದಕ್ಕೆ."

ತರಗತಿ ಬಿದ್ದುಬಿದ್ದು ನಕ್ಕಿತು. ನನ್ನ ಕಿವಿ ಕಾದು ಕೆಂಪಾಯಿತು. ಉತ್ತರ ನಾಲಿಗೆಯ ತುದಿಗೇ ಬಂತು: ಕೆಲಸ ಬಲ್ಲವನನ್ನು ಯಾವ ಭಾವನೂ ಬಿಡುವುದಿಲ್ಲ, ಈ ಕೆಲಸಗಾರನಿಗೆ ಕೆಲಸ ಗೊತ್ತಿತ್ತೇ ಎಂದು ನರ್ಸಕ್ಕ ಒಂದು ಮಾತೂ ಹೇಳಿಲ್ಲ. ಕೇಸು ಅಲ್ಲೇ ಮುಗಿಯುತ್ತಿತ್ತು. ತುಟಿ ಬಿಗಿಹಿಡಿದು ಅದನ್ನು ನುಂಗಿದೆ.

"ಮಾಲೀಕರ ಪರ ವಕೀಲರು ಇದಕ್ಕೆ ಏನಾದ್ರೂ ಹೇಳೋದಿದೆಯಾ?" ಎಂದರು ಮೇಡಂ.

ನಾನು ಒಳಗೊಳಗೇ ನಕ್ಕೆ. ಬಲೆ ಹಾಕುವುದನ್ನು ಇವರಿಂದ ಕಲಿಯಬೇಕು.

"ಇನ್ನೊಂದು ಸಲ ಕೇಳ್ತೀನಿ. ಉತ್ತರ ಕೊಡೋ ಸರದಿ ನಿಮ್ಮದು."

ನರ್ಸಕ್ಕ ನನ್ನ ತೋಳು ಜಗ್ಗಿ ಪಿಸುಗುಟ್ಟಿದಳು. "ಹೇಳೋ ತಮ್ಮ. ಅರ್ಧ ಅಂಕ ಇದಕ್ಕೇ ಇರೋದು."

ಎದುರು ಪಕ್ಷದವರು ಇಷ್ಟು ಅಕ್ಕರೆಯಿಂದ ಬಾಯಿ ಬಿಡಿಸಲು ನೋಡಿದರೆ ಬಿಟ್ಟುಬಿಡುವಷ್ಟು ದಡ್ಡನೇ ನಾನು? ಮೇಡಂಗೆ ಕೈಮುಗಿದೆ. ಇನ್ನೂ ಅಲ್ಲೇ ಇದ್ದರೆ ಬಾಯಿ ಜಾರೀತೆಂದು ಬಾಗಿಲ ಕಡೆ ನಡೆದೆ.

"ಏಯ್, ಎಲ್ಲಿಗಪ್ಪ ಹೊರಟೆ?"

ಅದಕ್ಕೂ ಉತ್ತರ ಕೊಡಲಿಲ್ಲ. ಸದ್ದಾಗದಂತೆ ಬಾಗಿಲು ಎಳೆದುಕೊಂಡು, ಎದೆಯುಬ್ಬಿಸಿ ಮೆಟ್ಟಿಲಿಳಿದು ಹೋದೆ.